ಅತ್ತೆಯ ಕಾಲು, ಸೊಸೆಯ ಬ್ರೇಕು

ಕುತ್ತಿಗೆ ಬಗ್ಗಿಸಿ ಕೂರುವ ಕೆಲಸ ಇನ್ನು ಸಾಕು ಎಂದು ವೈದ್ಯರು ಹೇಳಿದ ಮೇಲೆ ಅತ್ತೆ ಹೊಲಿಗೆ ಬಿಟ್ಟರು. ಮದುವೆಯಾಗಿ ಬಂದಾಗಿನಿಂದ ಮನೆಯ ಮುಂದಿನ ಕೋಣೆಯಲ್ಲಿ, ಕಾಲಿನಿಂದ ತುಳಿಯುವ ಯಂತ್ರದ ಮುಂದೆ ಕೂತು, ಬೀದಿಯವರ ಅಂಗಿ, ಪರದೆ, ದಿಂಬಿನ ಚೀಲ, ಶಾಲೆಯ ಸಮವಸ್ತ್ರ ಎಲ್ಲವನ್ನೂ ಹೊಲಿದವರು. ಯಂತ್ರಕ್ಕೆ ಬಟ್ಟೆ ಹೊದಿಸಿ ಮೂಲೆಗೆ ಸರಿಸಿದ್ದಾಯಿತು. ಕೈಗಳು ಹೇಗೋ ಸುಮ್ಮನಾದವು, ಕಾಲು ಮಾತ್ರ ಕೇಳಲಿಲ್ಲ. ಟಿವಿ ನೋಡುವಾಗಲೂ, ಫೋನಿನಲ್ಲಿ ಮಾತಾಡುವಾಗಲೂ ಬಲಗಾಲು ನೆಲವನ್ನು ತುಳಿಯುತ್ತಲೇ ಇರುತ್ತಿತ್ತು. ಒಂದು ದಿನ ಊಟದ ಮೇಜು ಅಲುಗಾಡಿ ನೀರಿನ ಲೋಟ ಉರುಳಿದಾಗ ಮಗ, “ಅಮ್ಮಾ, ಈ ಕಾಲಿಗೊಂದು ಕೆಲಸ ಹುಡುಕಬೇಕು,” ಅಂದ. ತಮಾಷೆಗೆ ಅಂದ ಮಾತು. ಅತ್ತೆ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ನಿನ್ನ ಹೆಂಡತಿ ಊರಿಗೆಲ್ಲ ಕಾರು ಕಲಿಸ್ತಾಳೆ. ನನಗೂ ಕಲಿಸ್ಲಿ.”

ಸೊಸೆ ತಟ್ಟೆಯಿಂದ ತಲೆ ಎತ್ತಲಿಲ್ಲ. “ಅತ್ತೆ, ವೈದ್ಯರು ಕುತ್ತಿಗೆಗೆ ವಿಶ್ರಾಂತಿ ಕೊಡಿ ಅಂದಿದಾರೆ.”

“ಬಗ್ಗಿಸಬೇಡಿ ಅಂದಿದಾರೆ. ಕಾರಲ್ಲಿ ಯಾರಾದ್ರೂ ಕುತ್ತಿಗೆ ಬಗ್ಗಿಸಿ ಕೂತ್ಕೋತಾರಾ? ನೆಟ್ಟಗೆ ಮುಂದೆ ನೋಡೋ ಕೆಲಸ. ವೈದ್ಯರು ಹೇಳಿದ್ದೇ ಅದು.”

ವೈದ್ಯರು ಹಾಗೆ ಹೇಳಿರಲಿಲ್ಲ. ಆದರೆ ಅತ್ತೆ ಪಟ್ಟು ಹಿಡಿದರೆ ವೈದ್ಯರಿಗೂ ಹಾಗೇ ಹೇಳಿದ ನೆನಪು ಬರುತ್ತಿತ್ತು.

ಸೊಸೆಯದು ಒಂದೇ ಕಾರಿನ ಡ್ರೈವಿಂಗ್ ಶಾಲೆ. ಮಾಲೀಕಳೂ ಅವಳೇ, ಮೇಷ್ಟರೂ ಅವಳೇ, ಕಾರು ತೊಳೆಯುವವಳೂ ಅವಳೇ. ಅವಳ ತವರುಮನೆ ಎಂದರೆ ಒಂದು ಗ್ಯಾರೇಜು. ಅಪ್ಪ ಗಾಡಿ ರಿಪೇರಿಯವರು, ಗ್ಯಾರೇಜಿನ ಹಿಂದೆ ಎರಡು ಕೋಣೆ, ಅದೇ ಮನೆ. ಹೆಣ್ಣು ನೋಡಲು ಹೋದಾಗ ಅತ್ತೆ ಅವಳ ಉಗುರಿನಲ್ಲಿದ್ದ ಕಪ್ಪು ನೋಡಿ, “ಹುಡುಗಿ ಕೆಲಸಗಾತಿ, ನನಗೆ ಒಪ್ಪಿಗೆ,” ಎಂದು ಮಗನನ್ನು ಕೇಳುವ ಮೊದಲೇ ಒಪ್ಪಿಬಿಟ್ಟಿದ್ದರು. ಆ ವಿಷಯ ತೆಗೆದು ಮಗ ಈಗಲೂ, “ನಿನ್ನನ್ನ ಆರಿಸಿದ್ದು ನಾನಲ್ಲ,” ಎಂದು ಹೆಂಡತಿಯ ಕಾಲೆಳೆಯುತ್ತಾನೆ. ಅವನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನು. ಪರರ ಕಣ್ಣಿನ ವಿಷಯದಲ್ಲಿ ಬಲು ಚುರುಕು.

ಪಾಠ ಬೆಳಿಗ್ಗೆ ಶುರುವಾಗುತ್ತಿತ್ತು, ಬೇರೆ ಯಾರ ಪಾಠಕ್ಕಿಂತಲೂ ಮೊದಲು. ಬೀದಿಯ ಕೊನೆಯಲ್ಲಿ ಒಂದು ಆಟದ ಮೈದಾನ. ಅಲ್ಲಿ ಅತ್ತೆ ಒಂದನೇ ಗೇರಿನಲ್ಲಿ ಸುತ್ತು ಹಾಕುವರು. ಪಕ್ಕದ ಸೀಟಿನಲ್ಲಿ ಸೊಸೆ. ಅವಳ ಕಾಲಿನ ಹತ್ತಿರವೂ ಇನ್ನೊಂದು ಬ್ರೇಕ್ ಪೆಡಲ್ ಇತ್ತು. ಕಲಿಸುವವರ ಕಾರಿನಲ್ಲಿ ಅದು ಇದ್ದೇ ಇರುತ್ತದೆ.

ಅತ್ತೆ ಸ್ಟೀರಿಂಗ್ ಬೇಗ ಕಲಿತರು. ಕ್ಲಚ್ಚನ್ನು ಇನ್ನೂ ಬೇಗ ಕಲಿತರು. ಎರಡೂ ಕಾಲಲ್ಲಿ ಯಂತ್ರ ತುಳಿದವರು, ಎಷ್ಟು ಒತ್ತಬೇಕು, ಎಷ್ಟು ಬಿಡಬೇಕು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಕರಾರು ಬಂದದ್ದು ಬ್ರೇಕಿನಲ್ಲಿ.

“ಒತ್ತಿ ಅತ್ತೆ. ಇನ್ನೂ ಜೋರಾಗಿ.”

“ಒತ್ತಿದೀನಿ.”

“ಒತ್ತಿದ್ರೆ ಕಾರು ಅಲ್ಲೇ ನಿಲ್ತಿತ್ತು. ಇಷ್ಟು ಮುಂದೆ ಬರ್ತಿರಲಿಲ್ಲ.”

“ನಾನು ಒತ್ತಿದೀನಿ ತಾಯಿ. ನಿನ್ನ ಪೆಡಲ್ಲೇ ಮೆತ್ತಗಿದೆ. ಹೋದ ವಾರ ಹೀಗಿರಲಿಲ್ಲ. ಹಳೇ ಹತ್ತಿಯ ದಿಂಬು ತುಳಿದ ಹಾಗೆ ಕೆಳಗೆ ಹೋಗುತ್ತೆ.”

ಸೊಸೆ ಇಂಥ ಮಾತು ಬಹಳ ಕೇಳಿದ್ದಳು. ಕಲಿಯುವವರೆಲ್ಲ ತಪ್ಪನ್ನು ಕಾರಿನ ಮೇಲೆ ಹಾಕುತ್ತಾರೆ. ಗೇರು ಬೀಳದಿದ್ದರೆ ಗೇರು ಸರಿಯಿಲ್ಲ, ಗೋಡೆಗೆ ತಾಗಿದರೆ ಗೋಡೆ ಸರಿಯಿಲ್ಲ. ತನ್ನ ಕಾಲಿನ ಹತ್ತಿರದ ಪೆಡಲನ್ನು ಒತ್ತಿ ನೋಡಿದಳು. ಕಾರು ನಿಂತಿತು. “ನೋಡಿ, ನನಗೆ ನಿಲ್ಲುತ್ತೆ,” ಅಂದಳು.

“ನೀನು ಎರಡು ಸಲ ಒತ್ತಿದೆ.”

“ಒಂದೇ ಸಲ.”

“ಎರಡು. ನನ್ನ ಪೆಡಲ್ಲೂ ಅದರ ಜೊತೆಗೇ ಹೋಗುತ್ತಲ್ಲ, ನನ್ನ ಕಾಲಿಗೆ ಗೊತ್ತಾಯ್ತು. ಟಕ್ ಟಕ್ ಅಂತ ಎರಡು.”

ಸೊಸೆ ನಕ್ಕಳು. ವಯಸ್ಸಾದವರ ಜೊತೆ ಪೆಡಲಿನ ವಿಷಯಕ್ಕೆ ವಾದವೇಕೆ. ಅದೇ ದಿನ ಸಂಜೆ ಬಾನೆಟ್ ತೆಗೆದು ನೋಡಿದಾಗ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಸ್ವಲ್ಪ ಇಳಿದಿದ್ದು ಕಂಡಿತು. ಬ್ರೇಕಿನ ಲೈನರ್ ಸವೆದಂತೆ ಮಟ್ಟ ಒಂದಿಷ್ಟು ಇಳಿಯುವುದು ಸಹಜ. ಮೇಲಿನ ಗೆರೆಯವರೆಗೆ ತುಂಬಿಸಿ, ಮುಚ್ಚಳ ಬಿಗಿದು ಒಳಗೆ ಬಂದಳು. ಅತ್ತೆಗೆ ಹೇಳಲಿಲ್ಲ. ಹೇಳಿದರೆ ಅದೊಂದು ಪುರಾಣವಾಗುತ್ತಿತ್ತು.

ಅದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಜಗಳ ನಡೆಯುತ್ತಿತ್ತು, ನಾಯಿಯ ಮೇಲೆ. ಕಾರಿನ ಎಡಗಡೆಯ ಹಿಂದಿನ ಟೈರು ಬೆಳಿಗ್ಗೆ ಒದ್ದೆಯಾಗಿರುವುದನ್ನು ಮಗ ಕಂಡುಹಿಡಿದಿದ್ದ. ಟೈರಿನ ಕೆಳಗೆ ನೆಲದ ಮೇಲೂ ಅಂಗೈಯಗಲ ಕಲೆ. ಎದುರುಮನೆಯಲ್ಲಿ ಲೆಕ್ಕದ ಮೇಷ್ಟ್ರೊಬ್ಬರಿದ್ದರು, ಅವರಲ್ಲಿ ಕಂದುಬಣ್ಣದ ನಾಯಿಯೊಂದಿತ್ತು. ಮಗನಿಗೆ ಅಷ್ಟು ಸಾಕಾಯಿತು. ಕಲೆಯ ಮೇಲೆ ಬಕೆಟ್ ನೀರು ಸುರಿದು, ಹಲ್ಲು ಕಚ್ಚಿಕೊಂಡು ರಸ್ತೆ ದಾಟಿ ಹೋದ.

“ಸಾರ್, ನಿಮ್ಮ ನಾಯಿ ದಿನಾ ನಮ್ಮ ಕಾರಿನ ಚಕ್ರದ ಹತ್ತಿರ ಕಾಲೆತ್ತುತ್ತೆ.”

ಮೇಷ್ಟ್ರು ಗೇಟಿನ ಮೇಲೆ ಕೈಯಿಟ್ಟು ಕ್ಷಣ ಯೋಚಿಸಿದರು. “ನಮ್ಮದು ಹೆಣ್ಣುನಾಯಿ,” ಅಂದರು. “ಅದು ಕೂತ್ಕೊಳ್ಳುತ್ತೆ. ಕಾಲೆತ್ತಲ್ಲ.”

ಮಗ ಮನೆಗೆ ಬಂದು, “ಮೇಷ್ಟ್ರು ಒಪ್ಕೊಳ್ಳೋ ಜಾತಿ ಅಲ್ಲ,” ಎಂದು ವರದಿ ಮಾಡಿದ. ಅಂದಿನಿಂದ ಟೈರಿನ ಪಕ್ಕದಲ್ಲಿ ಒಂದು ಹಳೆಯ ಕುರ್ಚಿ ಅಡ್ಡ ನಿಂತಿತು. ಕಲೆ ಮಾತ್ರ ಮಾರನೆಯ ದಿನವೂ ಇತ್ತು.

ಆ ಶುಕ್ರವಾರ ಅತ್ತೆ ಮೊದಲ ಸಲ ಎರಡನೇ ಗೇರಿಗೆ ಹೋದರು. ಮೈದಾನದ ಆ ಬದಿ ಚೆಂಡಾಟದ ಗೋಲಿನ ಕಬ್ಬಿಣದ ಕಂಬಗಳಿದ್ದವು. ತಿರುವು ತೆಗೆದುಕೊಂಡು ನೇರವಾಗುವ ಹೊತ್ತಿಗೆ ಸೊಸೆ, “ಈಗ ಬ್ರೇಕ್,” ಅಂದಳು.

ಅತ್ತೆ ಒತ್ತಿದರು. ಪೆಡಲ್ ನೆಲದವರೆಗೂ ಹೋಯಿತು. ಕಾರು ನಿಲ್ಲಲೋ ಬೇಡವೋ ಎಂದು ಯೋಚಿಸುತ್ತಿರುವಂತೆ ನಿಧಾನವಾಯಿತೇ ಹೊರತು ನಿಲ್ಲಲಿಲ್ಲ.

“ಒತ್ತಿ ಅತ್ತೆ.”

“ಒತ್ತೋಕೆ ಇನ್ನೇನೂ ಉಳಿದಿಲ್ಲ,” ಅಂದರು ಅತ್ತೆ. ದನಿ ಏರಿಸಲಿಲ್ಲ.

ಸೊಸೆ ತನ್ನ ಪೆಡಲ್ ಒತ್ತಿದಳು. ಅದೂ ಹಾಗೇ ಕುಸಿಯಿತು. ಇನ್ನೊಮ್ಮೆ ಒತ್ತದೆ ಕೈಬ್ರೇಕನ್ನು ಎಳೆದಳು. ಹಿಂದಿನ ಚಕ್ರಗಳು ಮಣ್ಣಿನಲ್ಲಿ ಜಾರಿ, ಕಾರು ಒಂದು ಪಕ್ಕಕ್ಕೆ ಓರೆಯಾಗಿ, ಗೋಲುಕಂಬಕ್ಕೆ ಒಂದು ಮೊಳ ಇರುವಾಗ ನಿಂತಿತು. ಇಂಜಿನ್ ಆಫ್ ಮಾಡಿದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಆ ಕಂಬವನ್ನೇ ನೋಡುತ್ತ ಕೂತರು.

ಅತ್ತೆಯ ಬಾಯಲ್ಲಿ ಹತ್ತು ಮಾತು ಸಿದ್ಧವಾಗಿದ್ದವು. ಸೊಸೆಯ ಕಡೆ ತಿರುಗಿದಾಗ ಅವಳು ಎಳೆದ ಕೈಬ್ರೇಕನ್ನು ಇನ್ನೂ ಬಿಡದೆ ಹಿಡಿದಿರುವುದು ಕಂಡಿತು. ಆ ಹತ್ತನ್ನೂ ನುಂಗಿಕೊಂಡರು.

“ಇದಾದ ಮೇಲೆ ಔಷಧಿ ಅಂಗಡಿಯವರ ಪಾಠ ಇತ್ತು,” ಅಂದಳು ಸೊಸೆ. “ಅವರನ್ನ ಇವತ್ತು ಪೇಟೆ ರಸ್ತೆಗೆ ಕರ್ಕೊಂಡು ಹೋಗೋಣ ಅಂದ್ಕೊಂಡಿದ್ದೆ.”

“ಹೋಗಲಿಲ್ಲವಲ್ಲ.”

“ಹೋಗ್ತಿದ್ದೆ.”

“ಹೋಗಲಿಲ್ಲ,” ಅಂದರು ಅತ್ತೆ ಮತ್ತೆ. ಸೀಟಿನ ಪಕ್ಕದಲ್ಲಿದ್ದ ನೀರಿನ ಬಾಟಲಿ ತೆಗೆದು ಅವಳ ಕೈಗಿತ್ತರು.

ಬ್ರೇಕಿಲ್ಲದ ಕಾರನ್ನು ಒಂದು ಗಜವೂ ಓಡಿಸುವುದಿಲ್ಲ ಎಂದು ಸೊಸೆ ಹೇಳಿದಳು. ರಸ್ತೆ ಸಮತಟ್ಟು, ಮನೆ ಕಣ್ಣಿಗೆ ಕಾಣುವಷ್ಟು ಹತ್ತಿರ. ಅತ್ತೆಯನ್ನು ಸ್ಟೀರಿಂಗ್ ಹಿಡಿದು ಕೂರಿಸಿ, ಕೈಬ್ರೇಕ್ ಎಳೆಯುವುದನ್ನು ಎರಡು ಸಲ ಮಾಡಿ ತೋರಿಸಿ, ಬೆಳಗಿನ ವಾಕಿಂಗಿಗೆ ಬಂದಿದ್ದ ಇಬ್ಬರನ್ನು ಕರೆದು ಹಿಂದಿನಿಂದ ತಳ್ಳಲು ಶುರುಮಾಡಿದಳು. ಅಷ್ಟು ಹೊತ್ತು ಅತ್ತೆ ತಡೆದಿದ್ದೇ ಹೆಚ್ಚು. ಕಾರು ಮೈದಾನದ ಗೇಟು ದಾಟುವಾಗ ಕಿಟಕಿಯಿಂದ ತಲೆ ಹೊರಗೆ ಬಂತು.

“ಒತ್ತು ಸೊಸೆ. ಇನ್ನೂ ಜೋರಾಗಿ.”

“ಒತ್ತಿದೀನಿ ಅತ್ತೆ.”

“ಒತ್ತಿದ್ರೆ ಕಾರು ಇಷ್ಟೊತ್ತಿಗೆ ಮನೇಲಿರ್ತಿತ್ತು.”

ವಾಕಿಂಗಿನವರಿಗೆ ಏನೂ ಅರ್ಥವಾಗಲಿಲ್ಲ, ಆದರೂ ನಕ್ಕರು. ಸೊಸೆ ಹಣೆಯನ್ನು ಡಿಕ್ಕಿಗೆ ಒತ್ತಿ ಮುಖ ಕಾಣದಂತೆ ತಾನೂ ನಕ್ಕಳು.

ಮನೆಯ ಅಂಗಳದಲ್ಲಿ ಕಾರು ನಿಲ್ಲಿಸಿ ಸೊಸೆ ಮೊದಲು ಬಾನೆಟ್ ಎತ್ತಿದಳು. ಮೊನ್ನೆ ತಾನೇ ತುಂಬಿಸಿದ್ದ ಡಬ್ಬಿಯಲ್ಲಿ ಆಯಿಲ್ ಕೆಳಗಿನ ಗೆರೆಗಿಂತಲೂ ಕೆಳಗಿತ್ತು. ಲೈನರ್ ಸವೆದು ಇಷ್ಟು ಬೇಗ ಇಷ್ಟು ಇಳಿಯುವುದಿಲ್ಲ. ಎಲ್ಲೋ ಸೋರುತ್ತಿದೆ.

“ಮೊನ್ನೆ ತುಂಬಿಸಿದ್ದಾ?” ಅತ್ತೆ ಹಿಂದೆಯೇ ನಿಂತಿದ್ದರು.

“ಹ್ಞೂಂ.”

“ಇಳಿದಿತ್ತು ಅಂತ ತಾನೇ ತುಂಬಿಸಿದ್ದು?”

ಸೊಸೆ ಟಾರ್ಚ್ ತರಲು ಹೋದಳು.

ಪೆಡಲಿನ ಮೇಲ್ಭಾಗ, ಕಾಲಿಡುವ ಜಾಗದ ಚಾಪೆ, ಇಂಜಿನ್ನಿನ ಪಕ್ಕದಲ್ಲಿರುವ ಬ್ರೇಕಿನ ದೊಡ್ಡ ಸಿಲಿಂಡರಿನ ಸುತ್ತ, ಮುಂದಿನ ಎರಡು ಚಕ್ರಗಳಿಗೆ ಹೋಗುವ ರಬ್ಬರ್ ಪೈಪು ಎಲ್ಲವನ್ನೂ ಕೈ ಆಡಿಸಿ ನೋಡಿದಳು. ಒಣಗಿತ್ತು. ಚಾಪೆಯ ಕೆಳಗೆ ಏನೋ ಸಿಕ್ಕಿಕೊಂಡು ಪೆಡಲ್ ಕೆಟ್ಟಿದೆ ಎನ್ನುವುದು ಅತ್ತೆಯ ವಾದ. ಅವರ ಸಮಾಧಾನಕ್ಕೆ ಚಾಪೆ ಎತ್ತಿದಾಗ ಸಿಕ್ಕಿದ್ದು ಕಳೆದುಹೋಗಿದ್ದ ಒಂದು ಬಾಚಣಿಗೆ ಮಾತ್ರ.

“ನಿಮ್ಮಪ್ಪನಿಗೆ ಫೋನ್ ಮಾಡು,” ಅಂದರು ಅತ್ತೆ.

“ಬೇಡ.”

“ಯಾಕೆ?”

“ಆಯಿಲ್ ಇಳಿದಿದೆ ಅಂದ್ರೆ ಸೋರಿದ್ದು ಎಲ್ಲಿ ಅಂತ ನೋಡ್ದೆ ತುಂಬಿಸ್ಬಾರದು ಅಂತ ನನಗೆ ಚಿಕ್ಕೋಳಿದ್ದಾಗಲೇ ಹೇಳಿಕೊಟ್ಟಿದಾರೆ. ಈಗ ಫೋನ್ ಮಾಡಿದ್ರೆ ಜನ್ಮ ಪೂರ್ತಿ ನಗ್ತಾರೆ.”

“ಅದಕ್ಕೆ ಅವರೇ ಯಾಕೆ ಬೇಕು,” ಅಂದರು ಅತ್ತೆ. “ನಾನಿಲ್ವಾ.”

ಸೊಸೆ ಚಾಪೆ ಹಾಸಿಕೊಂಡು ಕಾರಿನ ಹಿಂಭಾಗದಲ್ಲಿ ಅಂಗಾತ ಮಲಗಿ ಟಾರ್ಚ್ ಹಾಯಿಸಿದಳು. ಬಲಗಡೆ ಧೂಳು. ಎಡಗಡೆ ಚಕ್ರದ ಒಳಮೈ ಒದ್ದೆಯಾಗಿ, ಧೂಳು ಮೆತ್ತಿ ಕಪ್ಪಗೆ ಹೊಳೆಯುತ್ತಿತ್ತು. ಚಕ್ರದೊಳಗಿನ ಬ್ರೇಕ್ ಡ್ರಮ್ಮಿನ ಹಿಂದಿನ ತಗಡಿನ ಅಂಚಿನಿಂದ ಒಂದು ಗೆರೆ ಇಳಿದು ಟೈರಿನ ಒಳಗೋಡೆಯ ಮೇಲೆ ಹರಿದಿತ್ತು. ಬೆರಳಿನಿಂದ ಮುಟ್ಟಿದಳು. ನೀರಿಗಿಂತ ಜಾರು, ಅಡುಗೆ ಎಣ್ಣೆಗಿಂತ ತೆಳು, ಬಣ್ಣ ಅಷ್ಟಾಗಿ ಇಲ್ಲ, ಮೂಗಿಗೆ ಹಿಡಿದರೆ ಗ್ಯಾರೇಜಿನಲ್ಲಿ ಬೆಳೆದವರಿಗೆ ಮರೆಯಲಾಗದ ವಾಸನೆ.

“ಸಿಕ್ತು,” ಅಂದಳು.

ಅತ್ತೆ ಬಗ್ಗಲು ಹೋಗಿ, ವೈದ್ಯರ ಮಾತು ನೆನಪಾಗಿ, ನಾಯಿಗೆ ಅಡ್ಡವಿಟ್ಟಿದ್ದ ಆ ಕುರ್ಚಿಯನ್ನು ಎಳೆದುಕೊಂಡು ಕೂತರು. “ಎಲ್ಲಿ?”

“ಎಡಗಡೆ ಹಿಂದಿನ ಚಕ್ರ. ಟೈರಿನ ಒಳಗಡೆ.”

“ಒಳಗಡೆ,” ಅಂದರು ಅತ್ತೆ. ತಲೆ ಎತ್ತಿ ಎದುರುಮನೆಯ ಗೇಟಿನ ಕಡೆ ನೋಡಿದರು. ಕಂದುನಾಯಿ ಮೂತಿಯನ್ನು ಸರಳುಗಳ ನಡುವೆ ತೂರಿಸಿ ಇವರನ್ನೇ ನೋಡುತ್ತಿತ್ತು. “ಅಂದ್ರೆ ಆ ನಾಯಿ ಕಾರಿನ ಕೆಳಗೆ ತೆವಳಿಕೊಂಡು ಹೋಗಿ, ಅಂಗಾತ ಮಲಗಿ, ಮೇಲಕ್ಕೆ ಹಾರಿಸಬೇಕಿತ್ತು. ಅದೂ ಹೆಣ್ಣುನಾಯಿ. ಕನ್ನಡಕದ ಅಂಗಡಿಯವನ ಕಣ್ಣಿಗೆ ಅದು ಕಾಣಿಸಿತ್ತು.”

ಕಾರಿನ ಕೆಳಗಿನಿಂದ ನಗುವಿನ ಸದ್ದು ಬಂತು, ಟಾರ್ಚ್ ಬೆಳಕು ಅಲುಗಾಡಿತು.

ಮುಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟು, ಜ್ಯಾಕ್ ಏರಿಸಿ, ಕಾರಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಸೊಸೆ ಚಕ್ರ ಬಿಚ್ಚಿದಳು. ಡ್ರಮ್ ಅಂಟಿಕೊಂಡಿತ್ತು. ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿ ಅಲುಗಿಸಿ ಅಲುಗಿಸಿ ಎಳೆದಾಗ ಬಂತು. ಒಳಗೆ ಎಲ್ಲವೂ ತೊಯ್ದು ಹೋಗಿತ್ತು. ಬ್ರೇಕ್ ಒತ್ತಿದಾಗ ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಎರಡು ಲೈನರುಗಳೂ ಎಣ್ಣೆ ಕುಡಿದು ಕಪ್ಪಾಗಿದ್ದವು. ಅವುಗಳ ಮೇಲೆ, ಬೆರಳಿನ ಗಾತ್ರದ ಒಂದು ಚಿಕ್ಕ ಸಿಲಿಂಡರು, ಎರಡು ತುದಿಗೂ ರಬ್ಬರ್ ಟೋಪಿ. ಸೊಸೆ ಒಂದು ಟೋಪಿಯ ಅಂಚನ್ನು ಸ್ಕ್ರೂಡ್ರೈವರಿನಿಂದ ಎತ್ತಿದ್ದೇ ತಡ, ಒಳಗೆ ತುಂಬಿಕೊಂಡಿದ್ದ ಆಯಿಲ್ ಅವಳ ಮಣಿಕಟ್ಟಿನ ಮೇಲೆ ಇಳಿಯಿತು.

“ಇದೇ. ಒಳಗಿನ ರಬ್ಬರ್ ವಾಶರ್ ಸವೆದಿದೆ. ನಾವು ಒತ್ತಿದಾಗೆಲ್ಲ ಆಯಿಲ್ ಲೈನರನ್ನ ತಳ್ಳೋ ಬದಲು ಹೊರಗೆ ಬಂದುಬಿಡುತ್ತೆ.”

“ಅದಕ್ಕೇ ಪೆಡಲ್ ಮೆತ್ತಗಾಗೋದು.”

“ಅದಕ್ಕೇ.”

“ಎರಡು ಸಲ ಒತ್ತಿದ್ರೆ?”

ಸೊಸೆ ಬಟ್ಟೆಯಿಂದ ಕೈ ಒರೆಸಿಕೊಳ್ಳಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. “ಎರಡನೇ ಸಲಕ್ಕೆ ಸ್ವಲ್ಪ ಹಿಡಿಯುತ್ತೆ. ಒಂದೇ ದಿನ ಕೆಟ್ಟಿದ್ರೆ ನನಗೂ ಗೊತ್ತಾಗ್ತಿತ್ತು. ದಿನಾ ಒಂಚೂರು ಒಂಚೂರೇ ಕೆಟ್ಟಿದೆ, ನನ್ನ ಕಾಲು ನನಗೆ ಹೇಳ್ದೇನೇ ಎರಡು ಸಲ ಒತ್ತೋದು ಅಭ್ಯಾಸ ಮಾಡ್ಕೊಂಡಿದೆ.”

“ನಿನ್ನ ಕಾಲು ನಿನಗೆ ಹೇಳಲಿಲ್ಲ. ನನ್ನ ಕಾಲು ಹೇಳಿತ್ತು.”

“ಹೇಳಿತ್ತು,” ಅಂದಳು ಸೊಸೆ. “ನಿಮ್ಮ ಕಾಲು ಹೇಳಿದ್ದೇ ಸರಿ.”

“ನನಗ್ಯಾಕೆ ಹೇಳ್ತೀಯ? ಅದಕ್ಕೇ ಹೇಳು.” ಅತ್ತೆ ಚಪ್ಪಲಿ ಕಳಚಿ ಬಲಗಾಲನ್ನು ಒಂಚೂರು ಮುಂದೆ ಚಾಚಿದರು.

ಸೊಸೆ ಒಂದು ಕ್ಷಣ ಅತ್ತೆಯ ಮುಖವನ್ನೂ ಒಂದು ಕ್ಷಣ ಕಾಲನ್ನೂ ನೋಡಿದಳು. ಆಮೇಲೆ ನೆಲದ ಮೇಲೆ ಕೂತಲ್ಲಿಂದಲೇ ಆ ಕಾಲಿನ ಹೆಬ್ಬೆರಳಿನ ಕಡೆ ಬಗ್ಗಿ, ಗಂಭೀರವಾಗಿ, “ತಪ್ಪಾಯ್ತು. ಇನ್ಮೇಲೆ ನೀನು ಹೇಳಿದ್ದು ಕೇಳ್ತೀನಿ,” ಅಂದಳು.

“ನೀವು ಅನ್ನು. ನಿನಗಿಂತ ದೊಡ್ಡದು.”

“ನೀವು ಹೇಳಿದ್ದು ಕೇಳ್ತೀನಿ.”

ಅತ್ತೆ ಚಪ್ಪಲಿ ಹಾಕಿಕೊಂಡರು. ಇಬ್ಬರಿಗೂ ಮನಸ್ಸು ಹಗುರವಾಯಿತು.

ಹಳೆಯ ಸಿಲಿಂಡರನ್ನು ಬಿಚ್ಚುವುದೇ ದೊಡ್ಡ ಕೆಲಸವಾಯಿತು. ಆಯಿಲ್ ಪೈಪಿನ ನಟ್ಟು ತುಕ್ಕು ಹಿಡಿದಿತ್ತು. ಆತುರಪಟ್ಟರೆ ಪೈಪೇ ತಿರುಚಿ ಮುರಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಊಟ ಮುಗಿಸಿ ಬಂದು, ಸರಿಯಾದ ಪಾನಾ ಹಾಕಿ, ಉಸಿರು ಬಿಗಿಹಿಡಿದು ತಿರುಗಿಸಿದಾಗ ಕಿರ್ರ್ ಎಂದು ಸಡಿಲವಾಯಿತು. ಪೈಪಿನ ಬಾಯಿಗೆ ಒಂದು ರಬ್ಬರ್ ಮುಚ್ಚಳ ಸಿಕ್ಕಿಸಿ, ಸಿಲಿಂಡರನ್ನು ಒರೆಸಿದಳು. ಅತ್ತೆ ಅದನ್ನು ಒಂದು ಬಟ್ಟೆಯ ಚೂರಿನಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡರು.

“ನೀವ್ಯಾಕೆ ಬರ್ತೀರ ಅತ್ತೆ? ಬಸ್ಸಲ್ಲಿ ಹೋಗಿ ಬರಬೇಕು.”

“ಗುಂಡಿ ಕಳೆದ್ರೆ ಮ್ಯಾಚಿಂಗ್ ಗುಂಡಿ ತರೋಕೆ ಇಷ್ಟು ವರ್ಷ ಯಾರು ಹೋಗಿದ್ದು? ಸ್ಯಾಂಪಲ್ ಇಲ್ದೆ ಹೋದೋರು ಯಾರೂ ಸರಿಯಾದ್ದು ತಂದಿಲ್ಲ.”

ಬಿಡಿಭಾಗಗಳ ಅಂಗಡಿಯವನು ಕಾರಿನ ಹೆಸರು ಕೇಳಿ, ಕಪಾಟಿನಿಂದ ಒಂದು ಪೊಟ್ಟಣ ತೆಗೆದು, “ಇದೇ ಆಗುತ್ತೆ,” ಎಂದು ಮೇಜಿನ ಮೇಲಿಟ್ಟ. ಅತ್ತೆ ಬಟ್ಟೆ ಬಿಡಿಸಿ ಹಳೆಯದನ್ನು ಅದರ ಪಕ್ಕದಲ್ಲಿ ಮಲಗಿಸಿದರು. ಉದ್ದ ಒಂದೇ, ಬೋಲ್ಟಿನ ತೂತು ಒಂದೇ. ಪೈಪು ಕೂರುವ ಜಾಗ ಮಾತ್ರ ಒಂದಿಷ್ಟು ಆಚೆ. ಅಂಗಡಿಯವನು ತಲೆ ತುರಿಸಿಕೊಂಡು ಬೇರೆ ಪೊಟ್ಟಣ ತಂದ. ಅದು ಸರಿಹೊಂದಿತು. ಒಂದು ಬದಿ ಹೋದರೆ ಇನ್ನೊಂದು ಬದಿಗೂ ಅಷ್ಟೇ ವಯಸ್ಸಾಗಿರುತ್ತದೆ ಎಂದು ಸೊಸೆ ಎರಡು ಬದಿಗೂ ಸಿಲಿಂಡರು, ಎರಡು ಬದಿಗೂ ಲೈನರು, ಸೀಲ್ ಒಡೆಯದ ಆಯಿಲ್ ಬಾಟಲಿ ಎಲ್ಲ ತೆಗೆದುಕೊಂಡಳು. ಬಸ್ಸಿನಲ್ಲಿ ಅತ್ತೆ ಆ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಸಂಜೆ ಮಗ ಬಂದಾಗ ಅಂಗಳದಲ್ಲಿ ಕಾರು ಒಂದು ಕಾಲೆತ್ತಿ ನಿಂತಿತ್ತು. ಅತ್ತೆ ಕುರ್ಚಿಯಲ್ಲಿ ಕೂತು ಅವನಿಗಾಗಿಯೇ ಕಾಯುತ್ತಿದ್ದರು.

“ಲೋ, ಬಾ ಇಲ್ಲಿ. ಈ ಟೈರನ್ನ ನೋಡು. ಒದ್ದೆ ಯಾವ ಕಡೆಗಿದೆ?”

ಮಗ ನೋಡಿದ. “ಒಳಗಡೆ.”

“ನಾಯಿ ಯಾವ ಕಡೆಯಿಂದ ಬರುತ್ತೆ?”

ಮಗ ಎದುರುಮನೆಯ ಗೇಟಿನ ಕಡೆ ನೋಡಿದ. ಹೆಂಡತಿ ನೆಲದ ಮೇಲೆ ಕೂತು ತಗಡನ್ನು ಉಜ್ಜಿ ತೊಳೆಯುತ್ತ, ಅವನ ಕಡೆ ನೋಡದಿರಲು ಪಾಡುಪಡುತ್ತಿದ್ದಳು. ಅವನು ಬ್ಯಾಗನ್ನು ಕೆಳಗಿಟ್ಟು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಹೇಳದೆ ಕೇಳದೆ ರಸ್ತೆ ದಾಟಿದ. ಅವನೂ ಮೇಷ್ಟ್ರೂ ಗೇಟಿನಲ್ಲಿ ಮಾತಾಡುತ್ತಿರುವುದು ಇಲ್ಲಿಗೆ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಮೇಷ್ಟ್ರು ತಲೆಯಾಡಿಸಿದರು. ನಾಯಿ ಅವನ ಪ್ಯಾಂಟನ್ನು ಮೂಸಿ, ಯಾವ ತೀರ್ಮಾನವನ್ನೂ ಹೇಳದೆ ಒಳಗೆ ಹೋಯಿತು.

ಮಾರನೆಯ ದಿನ ಸೊಸೆ ಪಾಠಗಳನ್ನೆಲ್ಲ ಮುಂದೂಡಿದಳು. ಹೊಸ ಸಿಲಿಂಡರು ಕೂರಿಸಿ, ಲೈನರು ಸ್ಪ್ರಿಂಗು ಹಾಕಿ, ಬಲಗಡೆಯದನ್ನೂ ಹಾಗೇ ಮಾಡಿ, ಡ್ರಮ್ಮು ಮುಚ್ಚಿದಳು. ಇನ್ನು ಉಳಿದದ್ದು ಪೈಪಿನೊಳಗೆ ಸೇರಿದ್ದ ಗಾಳಿ ತೆಗೆಯುವುದು. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಆಗ ಇನ್ನೊಬ್ಬರು ಚಕ್ರದ ಹತ್ತಿರ ಗಾಳಿ ಬಿಡುವ ಚಿಕ್ಕ ತಿರುಪು, ಅಂದರೆ ನಿಪ್ಪಲ್, ಸಡಿಲಿಸಬೇಕು. ಗಾಳಿ, ಆಯಿಲ್ ಎರಡೂ ಟ್ಯೂಬಿನಲ್ಲಿ ಹೊರಗೆ ಬರುತ್ತವೆ. ನಿಪ್ಪಲ್ ಮುಚ್ಚಿದ ಮೇಲೆಯೇ ಪೆಡಲ್ ಬಿಡಬೇಕು. ಮೊದಲೇ ಬಿಟ್ಟರೆ ಗಾಳಿ ಮತ್ತೆ ಒಳಗೆ.

ಮಗ ತಾನು ಒತ್ತುತ್ತೇನೆ ಎಂದು ಮುಂದೆ ಬಂದ. ಅತ್ತೆ ಅವನನ್ನು ಒಂದು ಕೈಯಿಂದ ಸರಿಸಿ ಡ್ರೈವರ್ ಸೀಟಿನಲ್ಲಿ ಕೂತರು. “ನೀನು ಆ ಡಬ್ಬಿಲಿ ಆಯಿಲ್ ಖಾಲಿಯಾಗದ ಹಾಗೆ ನೋಡ್ಕೋ. ಕಣ್ಣಿನ ಕೆಲಸ. ಅದು ನಿನ್ನದು.”

ಸೊಸೆ ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಬಾಟಲಿಯಲ್ಲಿ ಮುಳುಗಿಸಿದಳು. “ಒತ್ತಿ.”

“ಒತ್ತಿದೆ.”

“ಹಾಗೇ ಹಿಡ್ಕೊಳ್ಳಿ.”

“ಹಿಡಿದೆ. ಕೆಳಗೆ ಹೋಗ್ತಿದೆ.”

“ಹೋಗ್ಲಿ. ಕಾಲು ತೆಗೀಬೇಡಿ... ಈಗ ಬಿಡಿ.”

ಟ್ಯೂಬಿನಲ್ಲಿ ಗುಳ್ಳೆಗಳು ಸಾಲುಗಟ್ಟಿ ಹೊರಟವು. ಇನ್ನೊಮ್ಮೆ, ಮತ್ತೊಮ್ಮೆ. ಲಯ ಹಿಡಿಯುವ ಹೊತ್ತಿಗೆ ಲೆಕ್ಕದ ಮೇಷ್ಟ್ರು ನಾಯಿಯ ಜೊತೆ ಗೇಟಿನ ಹತ್ತಿರ ಬಂದು ನಿಂತರು. ಅತ್ತೆ ಕಿಟಕಿಯಿಂದ ಅವರಿಗೆ, ಈ ಕಾಯಿಲೆಯನ್ನು ಮೊದಲು ಕಂಡುಹಿಡಿದದ್ದು ಯಾರು ಎಂದು ವಿವರಿಸತೊಡಗಿದರು. ವಿವರಣೆ ಗೋಲುಕಂಬದವರೆಗೆ ಬಂದಾಗ ಕಾಲು ತಾನಾಗಿ ಮೇಲೆ ಬಂತು.

“ಅತ್ತೆ.”

“ಏನು?”

“ಬಿಡಿ ಅಂದ್ನಾ?”

ಅತ್ತೆ ಕೆಳಗೆ ನೋಡಿದರು. “ಇಲ್ಲ.”

“ಗಾಳಿ ಎಲ್ಲ ವಾಪಸ್ಸು ಹೋಯ್ತು. ಮತ್ತೆ ಮೊದಲಿಂದ ಮಾಡ್ಬೇಕು.”

“ಕಾಲಿನ ತಪ್ಪಲ್ಲ,” ಅಂದರು ಅತ್ತೆ. “ಬಾಯಿದು.”

“ಹಾಗಾದ್ರೆ ಬಾಯಿ ಮುಚ್ಚಿಸಿ, ಕಾಲೇ ನೋಡ್ಕೊಳ್ಳಲಿ.”

ಹೀಗೆ ಅತ್ತೆಗೆ ಹೇಳಿದ ಸೊಸೆಯ ಮುಖವನ್ನು ಮೇಷ್ಟ್ರು ಗಾಬರಿಯಿಂದ ನೋಡಿದರು. ಅತ್ತೆ ಮಾತ್ರ ನಗುತ್ತ, ತುಟಿಯನ್ನು ಬೆರಳಿನಿಂದ ಮುಚ್ಚಿ ತೋರಿಸಿ, ಮುಂದಿನ ಗಾಜಿನ ಕಡೆ ನೆಟ್ಟಗೆ ತಿರುಗಿ ಕೂತರು. ಆಮೇಲೆ ಅಂಗಳದಲ್ಲಿ ಕೇಳಿಸಿದ್ದು ಎರಡೇ ದನಿ. ಒತ್ತಿ, ಒತ್ತಿದೆ. ಹಿಡಿದುಕೊಳ್ಳಿ, ಹಿಡಿದೆ. ಬಿಡಿ, ಬಿಟ್ಟೆ. ಗುಳ್ಳೆಗಳು ಕಡಿಮೆಯಾದವು, ಚಿಕ್ಕದಾದವು, ನಿಂತೇ ಹೋದವು. ಟ್ಯೂಬಿನಲ್ಲಿ ತಿಳಿಯಾದ ಹೊಸ ಆಯಿಲ್ ಮಾತ್ರ ಬಂತು. ಒಂದೊಂದಾಗಿ ನಾಲ್ಕು ಚಕ್ರಗಳೂ ಮುಗಿದವು.

ಕೊನೆಯ ಸಲ ಒತ್ತಿದಾಗ ಅತ್ತೆ ಬಾಯಿ ತೆರೆದರು. “ತಡಿ. ಈಗ ಬೇರೆ ಥರ ಇದೆ.”

“ಹೇಗಿದೆ?”

ಅತ್ತೆ ಕಣ್ಣು ಮುಚ್ಚಿ ಇನ್ನೊಮ್ಮೆ ಒತ್ತಿದರು. “ನಾಲ್ಕು ಮಡಿಕೆ ಬಟ್ಟೆ ಬಂದಾಗ ಸೂಜಿ ಒಂದು ಕಡೆ ನಿಂತುಬಿಡುತ್ತಲ್ಲ, ಹಾಗೆ. ಕೆಳಗೆ ನೆಲ ಸಿಕ್ಕಿದೆ.”

ಸೊಸೆ ಇಂಜಿನ್ ಶುರು ಮಾಡಿಸಿ, ಗಟ್ಟಿಯಾಗಿ ಒತ್ತಿ ಹಿಡಿಯಲು ಹೇಳಿ, ಟಾರ್ಚ್ ಹಿಡಿದು ನಾಲ್ಕು ಚಕ್ರಗಳನ್ನೂ ಸುತ್ತಿ ಬಂದಳು. ಎಲ್ಲೂ ಒಂದು ಹನಿ ಇರಲಿಲ್ಲ. ಕಾರಿನ ಬಣ್ಣದ ಮೇಲೆ ಚೆಲ್ಲಿದ್ದ ಆಯಿಲನ್ನು ನೀರು ಹಾಕಿ ತೊಳೆದಳು, ಬಿಟ್ಟರೆ ಬಣ್ಣವನ್ನೇ ತಿನ್ನುತ್ತದೆ. ಆಮೇಲೆ ಮೊದಲು ತಾನೊಬ್ಬಳೇ ನಿಧಾನವಾಗಿ ಮೈದಾನಕ್ಕೆ ಹೋಗಿ ಹತ್ತಾರು ಸಲ ಬ್ರೇಕ್ ಹಾಕಿ ನೋಡಿ ಬಂದಳು. ಪೆಡಲ್ ಒಂದೇ ಒತ್ತಿಗೆ ಹಿಡಿಯುತ್ತಿತ್ತು. ಅವಳ ಕಾಲು ಎರಡನೇ ಸಲಕ್ಕೆ ಸುಮ್ಮಸುಮ್ಮನೆ ಏಳುತ್ತಿತ್ತು. ಅದನ್ನು ಬಿಡಿಸಲು ಅವಳಿಗೆ ಒಂದು ವಾರವೇ ಬೇಕಾಯಿತು.

ಆಮೇಲಿನದು ಸುಲಭವಾಗಿ ನಡೆಯಿತು. ಸೊಸೆಯ ಅಪ್ಪನಿಗೆ ವಿಷಯ ಗೊತ್ತಾಯಿತು. ಗೊತ್ತು ಮಾಡಿಸಿದ್ದು ಅತ್ತೆಯೇ, ಫೋನಿನಲ್ಲಿ, ಸೊಸೆ ಸ್ನಾನಕ್ಕೆ ಹೋಗಿದ್ದಾಗ. ಅಪ್ಪ ನಿರೀಕ್ಷೆಯಂತೆ ನಕ್ಕರು. ನಕ್ಕು ಮುಗಿದ ಮೇಲೆ, ಒಬ್ಬಳೇ ಹಿಂದಿನ ಎರಡೂ ಬ್ರೇಕು ಮಾಡಿದಳಾ ಎಂದು ಎರಡು ಸಲ ಕೇಳಿದರು. ಆ ಮಾತನ್ನು ಅತ್ತೆ ಚಾಚೂ ತಪ್ಪದೆ ಸೊಸೆಗೆ ತಲುಪಿಸಿದರು. ಪರೀಕ್ಷೆಯಲ್ಲಿ ಅತ್ತೆ ಮೊದಲ ಸಲ ಫೇಲಾದರು. ತೀರಾ ನಿಧಾನವಾಗಿ ಓಡಿಸಿದ್ದಕ್ಕೆ. ಎರಡನೇ ಸಲ ಪಾಸಾದರು.

ಆದರೆ ಲೈಸೆನ್ಸ್ ಬಂದ ಮೇಲೂ ಅವರು ಬೆಳಿಗ್ಗೆ ಕಾರಿನಲ್ಲಿ ಕೂರುವುದನ್ನು ಬಿಡಲಿಲ್ಲ. ಮೊದಲ ಪಾಠಕ್ಕೆ ಮುಂಚೆ ಪೆಡಲ್ ಒತ್ತಿ ನೋಡಿ, “ಸರಿಯಿದೆ, ಹೊರಡು,” ಎಂದು ಹೇಳಿದ ಮೇಲೆಯೇ ಸೊಸೆ ಕಾರು ತೆಗೆಯುತ್ತಿದ್ದಳು. ಮೊದಮೊದಲು ಅದು ತಮಾಷೆಯಾಗಿತ್ತು. ಈಗ ಅವಳು ಕಾದು ನಿಲ್ಲುತ್ತಾಳೆ.

ಒಂದು ದಿನ ಅವಳು ಹೊರಬರುವುದು ಸ್ವಲ್ಪ ತಡವಾಯಿತು. ಹೊಸದಾಗಿ ಸೇರಿದ ಒಬ್ಬ ವಿದ್ಯಾರ್ಥಿನಿ, ಅಂಚೆ ಕಚೇರಿಯಲ್ಲಿ ಕೆಲಸ ಮಾಡುವಾಕೆ, ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟಿದ್ದಳು. ಅತ್ತೆ ಡ್ರೈವರ್ ಸೀಟಿನಲ್ಲಿ ಗಂಭೀರವಾಗಿ ಕೂತಿದ್ದರು. ಆಕೆ ಕಿಟಕಿಯ ಹತ್ತಿರ ನಿಂತು ಕೈಮುಗಿದು, “ಮೇಡಂ, ನಾನು ಇವತ್ತಿಂದ ಕಲಿಯೋಕೆ ಬಂದಿದೀನಿ. ನನಗೆ ತುಂಬಾ ಭಯ,” ಅಂದಳು.

ಅತ್ತೆ ತಾನು ಮೇಡಂ ಅಲ್ಲ ಎಂದು ಹೇಳಲಿಲ್ಲ. ಪಕ್ಕದ ಸೀಟಿನ ಬಾಗಿಲು ತೆರೆದರು. “ಕೂತ್ಕೋಮ್ಮ. ಭಯ ಎಲ್ಲರಿಗೂ ಇರುತ್ತೆ. ಮೊದಲು ಚಪ್ಪಲಿ ಬಿಚ್ಚು. ನಿನ್ನ ಕಾಲು ಏನು ಹೇಳುತ್ತೆ ಅಂತ ಕೇಳೋದನ್ನ ಕಲಿ. ಸ್ಟೀರಿಂಗು ಗೇರು ಎಲ್ಲ ಆಮೇಲೆ.”

ಸೊಸೆ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಳು. ಕೂಗಿ ಕರೆಯಲು ಬಾಯಿ ತೆರೆದವಳು ಮುಚ್ಚಿದಳು. ಅಂಚೆ ಕಚೇರಿಯಾಕೆ ಚಪ್ಪಲಿ ಬಿಚ್ಚಿ, ಅಂಗಳದಲ್ಲಿ ಜೋಡಿಸಿಟ್ಟು, ಕಾರು ಹತ್ತಿದಳು. ಕಾಫಿ ಇನ್ನೂ ಬಿಸಿಯಿತ್ತು. ಸೊಸೆ ಮೆಟ್ಟಿಲ ಮೇಲೆ ಕೂತು ನಿಧಾನವಾಗಿ ಕುಡಿಯತೊಡಗಿದಳು.